ಆರುವಾಗ ಒಡೆಯುವುದು

ಹಾಜರಿ ಹಾಕುವ ಯಂತ್ರಕ್ಕೆ ಅವರ ಬೆರಳು ಗೊತ್ತಾಗುತ್ತಿರಲಿಲ್ಲ. ನಮ್ಮ ಕಾರ್ಖಾನೆಯ ಗೇಟಿಗೆ ಆ ಯಂತ್ರ ಬಂದ ದಿನ ಎಲ್ಲರೂ ಸಾಲಾಗಿ ನಿಂತು ಹೆಬ್ಬೆರಳು ಒತ್ತಿ, ಅದು 'ಥ್ಯಾಂಕ್ ಯೂ' ಅನ್ನುವುದನ್ನು ಕೇಳಿ ನಗುತ್ತಾ ಒಳಗೆ ಹೋಗುತ್ತಿದ್ದೆವು. ಅವರು ಬಲಗೈ ಹೆಬ್ಬೆರಳು ಇಟ್ಟರು, ಕೆಂಪು ದೀಪ. ಎಡಗೈಯದು ಇಟ್ಟರು, ಮತ್ತೆ ಕೆಂಪು ದೀಪ. ಹತ್ತು ಬೆರಳೂ ಮುಗಿದವು. ಯಂತ್ರ ಕೂರಿಸಲು ಬಂದಿದ್ದವನು ಅವರ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿ, "ಮೇಡಂ, ನಿಮ್ ಬೆರಳಲ್ಲಿ ಗೆರೆಗಳೇ ಇಲ್ವಲ್ಲ!" ಎಂದು ಬೆರಗಾದ.

"ಇದ್ವಪ್ಪ, ಸವ್ದೋಗವೆ" ಎಂದರು ಅವರು.

ಎಮರಿ ಪೇಪರ್ ಎಂಬ ಉಜ್ಜುಕಾಗದದ ಮೇಲೆ ಲೋಹದ ತುಂಡುಗಳನ್ನು ಉಜ್ಜಿ ಉಜ್ಜಿ ಸವೆದ ಬೆರಳುಗಳವು. ಆವತ್ತಿನಿಂದ ಇನ್ನೂರು ಜನರ ಕಾರ್ಖಾನೆಯಲ್ಲಿ ಅವರೊಬ್ಬರಿಗಾಗಿಯೇ ಗೇಟಿನಲ್ಲಿ ಒಂದು ನೋಟ್‌ಬುಕ್ ಇಟ್ಟರು. ಅವರು ನಿವೃತ್ತರಾಗಿ ಈಗ ಆರು ತಿಂಗಳು. ಅವರ ಬಗ್ಗೆ ಬರೆಯುತ್ತೇನೆ ಎಂದು ಹೋದ ವಾರ ಫೋನಿನಲ್ಲಿ ಹೇಳಿದಾಗ, "ಬರಿ. ನನ್ನೆಸ್ರು ಮಾತ್ರ ಬ್ಯಾಡ ಕಣಪ್ಪ. ಅಲ್ಲಿ ಉಜ್ಜಿದೋರು ನಾನೊಬ್ಳೇನಾ?" ಎಂದರು. ಅದಕ್ಕೇ ಇಲ್ಲಿ ಹೆಸರಿಲ್ಲ. ನಾವೆಲ್ಲ ಕರೆಯುತ್ತಿದ್ದಂತೆ ಬರಿಯ ಮೇಡಂ.

ನಮ್ಮ ಕಾರ್ಖಾನೆ ಇರುವುದು ಯಲಹಂಕ ದಾಟಿದ ಮೇಲೆ. ವಿದ್ಯುತ್ ತಯಾರಿಸುವ ದೊಡ್ಡ ಟರ್ಬೈನುಗಳೊಳಗೆ ಬೆಂಕಿಗೆ ನೇರವಾಗಿ ಮೈಯೊಡ್ಡಿ ನಿಲ್ಲುವ ಲೋಹದ ಭಾಗಗಳು ನಮ್ಮಲ್ಲಿಗೆ ಬರುತ್ತವೆ. ಅಲ್ಲಿನ ಶಾಖಕ್ಕೆ ಆ ಲೋಹ ಹೆಚ್ಚು ದಿನ ಬಾಳುವುದಿಲ್ಲ. ಆದ್ದರಿಂದ ಅದರ ಮೇಲೆ ಪಿಂಗಾಣಿಯಂಥ ಬಿಳಿ ಪುಡಿಯನ್ನು ಉರಿಯಲ್ಲಿ ಕರಗಿಸಿ, ರಭಸವಾಗಿ ಎರಚಿ, ಒಂದು ಪೋಸ್ಟ್‌ಕಾರ್ಡಿನಷ್ಟು ದಪ್ಪದ ಪದರ ಕೂರಿಸುತ್ತೇವೆ. ಬಿಳಿಯ ಪದರ ಲೋಹಕ್ಕೆ ಹಿಡಿದುಕೊಳ್ಳಲೆಂದು ನಡುವೆ ಇನ್ನೊಂದು ಲೋಹದ ಪದರವೂ ಇರುತ್ತದೆ. ಇಷ್ಟು ತೆಳ್ಳಗಿನ ಬಿಳಿಯ ಹೊದಿಕೆ ಆ ಬೆಂಕಿಯನ್ನು ತಡೆಯುತ್ತದೆ ಎಂದರೆ ಹೊಸಬರಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ಪ್ರತಿ ಸಲದ ಮಾಲಿನ ಜೊತೆ ಅದೇ ಲೋಹದ ಕೆಲವು ಪುಟ್ಟ ಬಿಲ್ಲೆಗಳಿಗೂ ಅದೇ ಪದರ ಬಳಿಯುತ್ತೇವೆ. ಆ ಬಿಲ್ಲೆಗಳನ್ನು ಒಂದು ಗಂಟೆ ಫರ್ನೇಸಿನಲ್ಲಿ ಕಾಯಿಸಿ, ಹತ್ತು ನಿಮಿಷ ಫ್ಯಾನಿನ ಕೆಳಗೆ ಆರಿಸಿ, ಮತ್ತೆ ಕಾಯಿಸಿ, ಮತ್ತೆ ಆರಿಸಿ, ದಿನಗಟ್ಟಲೆ ಹಿಂಸೆ ಕೊಡುತ್ತೇವೆ. ಕೊನೆಗೂ ಪದರ ನಿಂತಿದ್ದರೆ ಮಾಲು ಪಾಸು. ಅದನ್ನು ನೋಡಿ ಸಹಿ ಹಾಕುವ ಲ್ಯಾಬಿನ ಮುಖ್ಯಸ್ಥೆ ಮೇಡಂ. ಬಾಗಲೂರಿನ ರೈತರ ಮನೆಯ ಹೆಣ್ಣುಮಗಳು. ಪಿಯುಸಿ ಮುಗಿಸಿ ಬಿಲ್ಲೆ ಉಜ್ಜುವ ಕೆಲಸಕ್ಕೆ ಸೇರಿ, ಸಂಜೆ ತರಗತಿಯಲ್ಲಿ ಡಿಪ್ಲೊಮಾ ಮಾಡಿಕೊಂಡು, ಅದೇ ಕೋಣೆಯಲ್ಲಿ ಕೊನೆಯವರೆಗೂ ಇದ್ದವರು.

ನಾನು ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದ ಹೊಸ ಇಂಜಿನಿಯರು. ಮೊದಲ ದಿನ ಅವರು ನನ್ನ ಅಂಕಪಟ್ಟಿ ನೋಡಲಿಲ್ಲ, ಕಾಲೇಜು ಕೇಳಲಿಲ್ಲ. ಸೀರೆಯ ಮೇಲೆ ನೀಲಿ ಕೋಟು ತೊಟ್ಟು, ಕೈಗಳನ್ನು ಮೊಣಕೈಯವರೆಗೆ ತೊಳೆದುಕೊಳ್ಳುತ್ತಿದ್ದರು. ಬಿಲ್ಲೆ ಉಜ್ಜುವಾಗ ಒಂದು ಉಜ್ಜುಕಾಗದದಿಂದ ಇನ್ನೂ ನಯವಾದ ಉಜ್ಜುಕಾಗದಕ್ಕೆ ಹೋಗುವ ಮುನ್ನ ಪ್ರತಿ ಸಲವೂ ಹಾಗೆ ತೊಳೆಯುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಹಿಂದಿನ ಕಾಗದದ ಒಂದು ಕಣ ಬೆರಳಿನಲ್ಲಿ ಉಳಿದರೂ ಗಂಟೆಗಳ ಕೆಲಸ ಹಾಳು.

"ಇದು ಯಾವಾಗ ಒಡೀತದೆ? ಕಾಯೋವಾಗ್ಲೋ, ಆರೋವಾಗ್ಲೋ?" ಎಂದು ಕೇಳಿದರು.

"ಕಾಯೋವಾಗ ಮೇಡಂ. ಶಾಖ ಜಾಸ್ತಿ ಆದಾಗ" ಎಂದೆ, ಧೈರ್ಯವಾಗಿ.

ಅವರು ತಪ್ಪು ಎನ್ನಲಿಲ್ಲ. ಫರ್ನೇಸಿನ ಬಾಗಿಲು ತೆಗೆದು, ಉದ್ದನೆಯ ಇಕ್ಕಳದಿಂದ ಬೆಳ್ಳಗೆ ಉರಿಯುತ್ತಿದ್ದ ಒಂದು ಬಿಲ್ಲೆಯನ್ನು ಹೊರಗೆ ತಂದು ಇಟ್ಟಿಗೆಯ ಮೇಲಿಟ್ಟರು. ಫ್ಯಾನ್ ಹಾಕಲಿಲ್ಲ. ಕಿಟಕಿ ಮುಚ್ಚಿ, "ಕೂತ್ಕೊ. ಕೇಳು" ಎಂದರು. ಬಿಳುಪು ಕಿತ್ತಳೆಯಾಯಿತು, ಕಿತ್ತಳೆ ಕೆಂಪಾಯಿತು, ಕೆಂಪು ಆರಿ ಲೋಹ ಬೂದಿಬಣ್ಣಕ್ಕೆ ತಿರುಗಿತು. ಏನೂ ಆಗದು ಎಂದುಕೊಂಡೆ. ಆಗ ಕೇಳಿಸಿತು: ಟಿಕ್. ಉಗುರಿನಿಂದ ಗಾಜು ತಟ್ಟಿದಷ್ಟು ಸಣ್ಣ ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಮೂರು ನಾಲ್ಕು ಒಟ್ಟಿಗೆ. ಬಿಲ್ಲೆಯ ಅಂಚಿನಿಂದ ಬಿಳಿಯ ಸಿಪ್ಪೆಯೊಂದು ತಾನಾಗಿಯೇ ಮೇಲೆದ್ದು ಇಟ್ಟಿಗೆಯಾಚೆ ಹಾರಿ ಬಿತ್ತು.

"ಕಾಯೋವಾಗ ಲೋಹ ಇಗ್ತದೆ, ಮೇಲಿಂದೂ ಒಂದಿಷ್ಟು ಇಗ್ತದೆ, ಎಂಗೋ ಒಂದ್ಕೊಂಡಿರ್ತವೆ" ಎಂದರು. "ಆರೋವಾಗ ಲೋಹ ಜಾಸ್ತಿ ಕುಗ್ತದೆ. ಮೇಲಿನ ಪಿಂಗಾಣಿಗೆ ಅಷ್ಟ್ ಕುಗ್ಗಕ್ಕಾಗಲ್ಲ. ಎಲ್ಲೋಗ್ಬೇಕು ಅದು? ಉಬ್ಬಿ ಎದ್ಬಿಡ್ತದೆ."

ನಾಲ್ಕು ವರ್ಷ ಓದಿ ಸೂತ್ರಗಳನ್ನು ಬಾಯಿಪಾಠ ಮಾಡಿದ್ದವನಿಗೆ ಅದರ ಸದ್ದು ಹೇಗಿರುತ್ತದೆ ಎಂದು ಯಾರೂ ಕೇಳಿಸಿರಲಿಲ್ಲ.

ಅವರು ಉಜ್ಜುವುದನ್ನು ನೋಡಲು ನಾನು ನೆಪ ಹುಡುಕಿಕೊಂಡು ಹೋಗುತ್ತಿದ್ದೆ. ಬಿಲ್ಲೆಯನ್ನು ನಡುವೆ ಕತ್ತರಿಸಿ, ಕತ್ತರಿಸಿದ ಮುಖವನ್ನು ಕನ್ನಡಿಯಾಗುವವರೆಗೆ ಉಜ್ಜಬೇಕು. ಒತ್ತಡ ಸ್ವಲ್ಪ ಹೆಚ್ಚಾದರೂ ಉಜ್ಜುವ ಕೈಯೇ ಹೊಸ ಬಿರುಕು ಹುಟ್ಟಿಸಿಬಿಡುತ್ತದೆ. ಹಾಗೆ ಹುಟ್ಟಿದ ಬಿರುಕನ್ನು ಬೆಂಕಿ ಹುಟ್ಟಿಸಿದ್ದೆಂದು ನಾನು ಎಷ್ಟೋ ಸಲ ಬರೆದು ಬೈಸಿಕೊಂಡಿದ್ದೇನೆ. ಅವರ ಕೈಯಿಂದ ಬಂದ ತುಂಡಿನಲ್ಲಿ ಅಂಥ ಒಂದು ಗೆರೆಯನ್ನೂ ನಾನು ಕಂಡಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಕೆಳಗೆ ಲೋಹ, ಅದರ ಮೇಲೆ ಒರಟು ನಡುಪದರ, ಅದರ ಮೇಲೆ ಎಳೆ ಕೂದಲಿನಂಥ ತೆಳು ಕಪ್ಪು ಗೆರೆ, ಮೇಲೆ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂಥ ಬಿಳಿ. ಆ ಕಪ್ಪು ಗೆರೆಯೇ ಎಲ್ಲಕ್ಕೂ ಮೂಲ. ಶಾಖದಲ್ಲಿ ನಡುಪದರ ಮೆಲ್ಲಗೆ ಬೆಳೆಸಿಕೊಳ್ಳುವ ತುಕ್ಕಿನ ತೆರೆ ಅದು. ತೆಳ್ಳಗಿದ್ದಷ್ಟು ದಿನ ರಕ್ಷೆ. ದಪ್ಪವಾಗುತ್ತ ಹೋದಂತೆ ಬಿಳಿಯ ಹಿಡಿತ ಸಡಿಲ.

ಅವರು ಇದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಲಾರಿ ಚಾಲಕರು, ಕ್ಯಾಂಟೀನಿನವರು, ನೀರಿನ ಕ್ಯಾನು ತರುವವರು. "ನೀವ್ ಒರೋ ಮಾಲಪ್ಪ, ನೋಡ್ಬ್ಯಾಡ್ವಾ?" ಎಂದು ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಒಬ್ಬ ಚಾಲಕ ನೋಡಿ ಮುಗಿಸಿ ಕೈಮುಗಿದು ಎದ್ದದ್ದನ್ನು ಕಂಡಿದ್ದೇನೆ. ಅವರು ನಗಲಿಲ್ಲ. "ಊಂ, ಅಂಗೇ ಅನ್ಸ್ತದೆ" ಎಂದಷ್ಟೇ ಹೇಳಿದರು.

ಲ್ಯಾಬಿನ ಪುಸ್ತಕದಲ್ಲಿ ನಾವು ಬರೆದದ್ದನ್ನು ದಿನವೂ ಓದುತ್ತಿದ್ದರು. ಕಂಡದ್ದನ್ನು ಬರೆಯಬೇಕು, ಅನಿಸಿದ್ದನ್ನು ಬರೆಯುವುದಾದರೆ ಅನಿಸಿತು ಎಂದೇ ಬರೆಯಬೇಕು. ಇದು ಅವರ ಕಟ್ಟಳೆ. ಹಿಂದೆ ಬರೆದದ್ದನ್ನು ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಇಷ್ಟಕ್ಕೆಲ್ಲ ಇಷ್ಟೊಂದು ಬಿಗಿ ಯಾಕೆ ಎಂದು ನಾವು ಕಿರಿಯರು ಟೀ ಕುಡಿಯುವಾಗ ಆಡಿಕೊಳ್ಳುತ್ತಿದ್ದೆವು.

ನನ್ನ ಮೂರನೇ ವರ್ಷದ ಶ್ರಾವಣ. ಒಂದು ವಾರದಿಂದ ಜಿಟಿಜಿಟಿ ಮಳೆ, ಒಗೆದ ಬಟ್ಟೆ ಒಣಗದ ದಿನಗಳು. ದೊಡ್ಡ ಗಿರಾಕಿಯೊಬ್ಬರ ಮಾಲು ತಯಾರಾಗಿತ್ತು. ಮೇಡಂ ಮನೆಯಲ್ಲಿ ತಂಗಿಯ ಮಗಳ ನಿಶ್ಚಿತಾರ್ಥವೆಂದು ಶನಿವಾರ ಬೆಳಿಗ್ಗೆ ಬಿಲ್ಲೆಯನ್ನು ನೋಡಿ ಸಹಿ ಹಾಕಿ ಹೋಗಿದ್ದರು. ಮಾಲಿನ ಜೊತೆ ಗಿರಾಕಿಗೆ ಹೋಗಬೇಕಾದ ಆ ಬಿಲ್ಲೆಯನ್ನು ನಾನು ಹತ್ತಿಯಿಟ್ಟ ಡಬ್ಬಿಗೆ ಹಾಕಿ ಪ್ಯಾಕಿಂಗ್ ವಿಭಾಗದ ಜಯಮ್ಮನವರ ಕೈಗೆ ಕೊಟ್ಟೆ. ಜಯಮ್ಮ ಐವತ್ತು ದಾಟಿದ ಹೆಂಗಸು, ಶೆಟ್ಟಿಹಳ್ಳಿಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದರು. ಗುತ್ತಿಗೆ ಕೆಲಸ.

ಸೋಮವಾರ ಬೆಳಿಗ್ಗೆ ಚೀಟಿ ಅಂಟಿಸಲು ಡಬ್ಬಿ ತೆರೆದ ಜಯಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಲ್ಯಾಬಿಗೆ ಓಡಿಬಂದರು. ಬಿಲ್ಲೆ ಒಂದು ಕಡೆ, ಬಿಳಿಯ ಪದರ ಸಣ್ಣ ಹಪ್ಪಳದ ಹಾಗೆ ಇಡಿಯಾಗಿ ಇನ್ನೊಂದು ಕಡೆ. "ಸಾರ್, ನಾನ್ ಮುಟ್ಟೇ ಇಲ್ಲ ಸಾರ್. ತೆಗೆದ್ರೆ ಇಂಗೇ ಇತ್ತು" ಎಂದರು.

ಯಜಮಾನರು ಅಲ್ಲೇ ಇದ್ದರು. ಕಾರ್ಖಾನೆ ಕಟ್ಟಿದವರು, ಕೆಟ್ಟವರಲ್ಲ. ಆದರೆ ಲಾರಿ ಗೇಟಿನಲ್ಲಿ ನಿಂತಿತ್ತು. ನನ್ನ ಕಡೆ ನೋಡಿ, "ಏನಯ್ಯಾ ಇದು?" ಎಂದರು.

"ಬೀಳಿಸಿರ್ಬೇಕು ಸಾರ್. ಶನಿವಾರ ಚೆನ್ನಾಗಿತ್ತು, ನಾನೇ ಕೊಟ್ಟಿದ್ದು" ಎಂದೆ.

ಆ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಂತು ಎಂಬುದು ಈಗಲೂ ನನಗೆ ನೆನಪಿದೆ. ಪುಸ್ತಕದಲ್ಲೂ ಬರೆದೆ: ಪ್ಯಾಕಿಂಗ್‌ನಲ್ಲಿ ಬಿದ್ದು ಹಾಳಾಗಿದೆ. ಯಜಮಾನರು ಜಯಮ್ಮನಿಗೆ ನಾಳೆಯಿಂದ ಬರುವುದು ಬೇಡ, ವಿಚಾರಿಸಿ ಹೇಳುತ್ತೇವೆ ಎಂದು ಹೇಳಿಬಿಟ್ಟರು. ಜಯಮ್ಮ ನನ್ನ ಮುಖವನ್ನು ಒಂದು ಸಲ ನೋಡಿ, ಊಟದ ಬುತ್ತಿ ಎತ್ತಿಕೊಂಡು ಹೊರಟುಹೋದರು.

ಮಂಗಳವಾರ ಮೇಡಂ ಬಂದರು. ಪುಸ್ತಕ ಓದಿದರು. ಇನ್ನೊಂದು ಸಲ ಓದಿದರು.

"ಬಿದ್ದಿದ್ದ ನೀನ್ ನೋಡ್ದಾ?"

"ಇಲ್ಲ ಮೇಡಂ. ಆದ್ರೆ ಬೇರೆ ಏನ್ ಆಗಿರಕ್ಕೆ ಸಾಧ್ಯ?"

"ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರೀಬೇಕಿತ್ತು."

ದನಿ ಏರಲಿಲ್ಲ. ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಬಿದ್ದದ್ದಾದರೆ ಅಂಚಿನಲ್ಲಿ ಪೆಟ್ಟು ಇರಬೇಕು, ಲೋಹ ನೆಗ್ಗಿರಬೇಕು. ಇರಲಿಲ್ಲ. ಆಮೇಲೆ ಅದೇ ಮಾಲಿನ, ಅಷ್ಟೇ ಸಲ ಕಾಯಿಸಿದ ಇನ್ನೊಂದು ಬಿಲ್ಲೆಯನ್ನು ತೇವ ಹೀರುವ ಹರಳಿದ್ದ ಗಾಜಿನ ಜಾಡಿಯಿಂದ ತೆಗೆದು, ನನ್ನ ಕಣ್ಣೆದುರೇ ಮೇಜಿನ ಎತ್ತರದಿಂದ ನೆಲಕ್ಕೆ ಬಿಟ್ಟರು. ನಾನು ಹೌಹಾರಿದೆ. ಬಿಲ್ಲೆ ಎರಡು ಸಲ ಪುಟಿದು ನಿಂತಿತು. ಅಂಚಿನಲ್ಲಿ ಒಂದು ಚೂರು ಹಾರಿತ್ತು. ಉಳಿದ ಪದರ ಅಲ್ಲಾಡಿರಲಿಲ್ಲ.

"ಬೀಳಿಸಿದ್ರೆ ಇಂಗಾಯ್ತದೆ. ಅದು ಇಂಗಾಗಿಲ್ಲ. ಆಕೆ ಬೀಳ್ಸಿಲ್ಲ."

"ಮತ್ತೆ?"

"ಅದೇ ಗೊತ್ತಿಲ್ಲ ಅಂತೀನಲ್ಲ!" ಎಂದರು. ನನಗೆ ನಾಚಿಕೆಯಾಗಿತ್ತು. ಅವರ ಕಣ್ಣಿನಲ್ಲಿ ಮಾತ್ರ ಏನೋ ಹೊಳೆಯುತ್ತಿತ್ತು.

ಎರಡು ದಿನ ಬೇರೆ ಕೆಲಸವೆಲ್ಲ ಬದಿಗಿಟ್ಟರು. ಗುರುವಾರ ಜಾಡಿಯಿಂದ ಮತ್ತೊಂದು ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟು ಎದುರಿಗೆ ಕೂತರು. ಒಂದು ಗಂಟೆ ಕಳೆಯಿತು, ಏನೂ ಆಗಲಿಲ್ಲ. ಕೊನೆಗೆ, "ನಮ್ಮವ್ವ ಮಡಕೆ ತಗೊಳ್ಳೋವಾಗ ನೀರ್ ಸವ್ರಿ ನೋಡೋಳು. ಬಿರುಕಿದ್ರೆ ನೀರು ಗೆರೆ ಇಡ್ಕೊಂಡ್ ಓಯ್ತದೆ. ನೋಡಣ ತಡಿ" ಎಂದು ಬೆರಳನ್ನು ಲೋಟದಲ್ಲಿ ಅದ್ದಿ, ಬಿಲ್ಲೆಯ ಅಂಚಿಗೆ ಮೆಲ್ಲಗೆ ಒತ್ತಿದರು. ಕಣ್ಣಿಗೆ ಕಾಣದ ಬಿರುಕು ನೀರನ್ನು ಎಳೆದುಕೊಳ್ಳುತ್ತದೆಯೇ ಎಂದು ನೋಡುವುದಷ್ಟೇ ಅವರ ಉದ್ದೇಶ.

ಬೆರಳು ತೆಗೆದು ನಾಲ್ಕು ಎಣಿಸುವಷ್ಟರಲ್ಲಿ ಟಿಕ್ ಎಂದಿತು. ಬಿಳಿಯ ಪದರ ಇಡಿಯಾಗಿ ಲೋಹ ಬಿಟ್ಟು ಮೇಲೆ ನೆಗೆದು ಮೇಜಿನ ಮೇಲೆ ಬಿತ್ತು. ತಣ್ಣಗಿದ್ದ ಬಿಲ್ಲೆ! ಯಾರೂ ಕಾಯಿಸಿಲ್ಲ, ಯಾರೂ ತಟ್ಟಿಲ್ಲ. ಇಬ್ಬರೂ ಹಿಂದಕ್ಕೆ ಸರಿದೆವು. ಆಮೇಲೆ ಅವರು ಚಪ್ಪಾಳೆ ತಟ್ಟಿದರು. ನಿಜವಾಗಿ ತಟ್ಟಿದರು, ಹುಡುಗಿಯ ಹಾಗೆ. "ನೋಡ್ದಾ? ನೋಡ್ದಾ ಇದ್ನ? ಇಷ್ಟ್ ವರ್ಸ ಆಯ್ತು, ನಾನ್ ಇದ್ನ ನೋಡೇ ಇರ್ಲಿಲ್ವಲ್ಲೋ!"

ಮೂರನೆಯ ಬಿಲ್ಲೆಯನ್ನು ನೀರು ಸೋಕಿಸದೆ ಒದ್ದೆ ಬಟ್ಟೆಯ ಪಕ್ಕ ಇಟ್ಟು ಮನೆಗೆ ಹೋದೆವು. ಬೆಳಿಗ್ಗೆ ಬಂದು ನೋಡಿದರೆ ಅದರದೂ ಎದ್ದಿತ್ತು. ಜಯಮ್ಮನ ಡಬ್ಬಿಯಲ್ಲಿ ಆದದ್ದು ಇದೇ. ಆರುವಾಗ ಒಳಗೊಳಗೇ ಬಿಗಿದುಕೊಂಡು ಕೂತಿದ್ದ ಪದರಕ್ಕೆ ಮಳೆಗಾಲದ ಗಾಳಿಯ ತೇವ ಸಾಕಾಗಿತ್ತು. ನಾವು ಬಿಲ್ಲೆಯನ್ನು ಫರ್ನೇಸಿನಿಂದ ತೆಗೆದ ಹತ್ತೇ ನಿಮಿಷದಲ್ಲಿ ನೋಡಿ ಪಾಸು ಮಾಡಿ, ಮಿಕ್ಕವನ್ನು ಒಣ ಜಾಡಿಯಲ್ಲಿ ಮುಚ್ಚಿಡುತ್ತಿದ್ದೆವು. ಗಾಳಿಗೆ ಬಿಟ್ಟು ಕಾದು ನೋಡಿದವರೇ ಇರಲಿಲ್ಲ.

ನಾನು ಇನ್ನೂ ಆ ಸಂತೋಷದಲ್ಲೇ ಇದ್ದೆ. ಅವರು ಎದ್ದು ಹೋಗಿ, ಹಿಂದಿನ ಮಾಲುಗಳ ಬಿಲ್ಲೆಗಳ ಒಣ ಜಾಡಿಗಳಿದ್ದ ಕಪಾಟಿನ ಬೀಗ ತೆಗೆದರು. ಸಂಜೆಯವರೆಗೆ ಒಂದೊಂದಕ್ಕೂ ಒದ್ದೆ ಬೆರಳು ಒತ್ತಿದೆವು. ಹಳೆಯವೆಲ್ಲ ನಿಂತವು. ಕೊನೆಯ ಮೂರು ಮಾಲುಗಳವು ನಿಲ್ಲಲಿಲ್ಲ. ನಡುಪದರಕ್ಕೆ ಹೊಸ ಬಗೆಯ ಪುಡಿ ಬಳಸತೊಡಗಿದ್ದು ಆ ಮೂರಕ್ಕೇ. ಮೂರರಲ್ಲಿ ಒಂದು, ಸೋಮವಾರ ಲಾರಿಗೆ ಹಾಕದೆ ತಡೆದದ್ದು, ಇನ್ನೂ ನಮ್ಮ ಪ್ಯಾಕಿಂಗ್‌ನಲ್ಲಿತ್ತು. ಎರಡು ಅದೇ ಗಿರಾಕಿಗೆ ಹೋಗಿಯಾಗಿತ್ತು. ಎರಡಕ್ಕೂ ಅವರದೇ ಸಹಿ.

ಮರುದಿನ ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಕೂತು, "ಮೊದ್ಲು ಶೆಟ್ಟಿಹಳ್ಳಿಗೆ ನಡಿ" ಎಂದರು. ಜಯಮ್ಮನ ಮನೆ ಹಳೆಯ ಊರಿನ ಓಣಿಯಲ್ಲಿತ್ತು. ಬಾಗಿಲಲ್ಲಿ ನಿಂತಾಗ ಮೇಡಂ ಮಾತಾಡಬಹುದು ಎಂದು ಕಾದೆ. ಅವರು ನನ್ನ ಕಡೆ ತಿರುಗಿ, "ಬರ್ದೋನು ನೀನು. ಬಾಯ್ ಬಿಡೋನೂ ನೀನೇ" ಎಂದರು.

ನಾನು ತೊದಲುತ್ತಾ ಹೇಳಿದೆ. ತಪ್ಪು ನಿಮ್ಮದಲ್ಲ, ನೋಡದೆ ಬರೆದದ್ದು ನನ್ನ ತಪ್ಪು ಎಂದೆ. ಜಯಮ್ಮ ಅಳಲಿಲ್ಲ, ಪರವಾಗಿಲ್ಲ ಅನ್ನಲೂ ಇಲ್ಲ. "ನಾನ್ ಅವತ್ತೇ ಹೇಳ್ದೆ ಮುಟ್ಟಿಲ್ಲ ಅಂತ. ಯಾರೂ ಕೇಳಿಸ್ಕೊಳ್ಳಲಿಲ್ಲ" ಎಂದರು. ನಂತರ ಮೇಡಂ ಕಡೆ ತಿರುಗಿ, "ಒಳಗೆ ಬನ್ನಿ ಅಕ್ಕಾ, ಕಾಫಿ ಮಾಡ್ತೀನಿ" ಎಂದರು. ನನಗೂ ಕೊಟ್ಟರು, ಸ್ವಲ್ಪ ತಡವಾಗಿ. ಸೋಮವಾರ ಕೆಲಸಕ್ಕೆ ಬಂದರು.

ಜಯಮ್ಮನ ಮನೆಯಿಂದ ನಾವು ನೇರವಾಗಿ ಯಜಮಾನರ ಕೋಣೆಗೆ ಹೋಗಿದ್ದೆವು. ಮೇಡಂ ಟ್ರೇಯಲ್ಲಿ ಬಿಲ್ಲೆಗಳನ್ನೂ ಒಂದು ಲೋಟ ನೀರನ್ನೂ ಒಯ್ದು, ಅವರ ಮೇಜಿನ ಮೇಲೆಯೇ ತೋರಿಸಿದರು. ಬಿಳಿಯ ಹಪ್ಪಳ ಎದ್ದು ಅವರ ಕಾಗದಗಳ ಮೇಲೆ ಬಿತ್ತು. ಯಜಮಾನರು ಅದನ್ನು ಎತ್ತಿ ಬೆರಳಲ್ಲಿ ತಿರುಗಿಸುತ್ತಾ ಕೂತರು.

"ಈ ಮಾಲು ನಿಲ್ಲಿಸೋಣ. ಹಳೇ ಪುಡಿಗೆ ಹೋಗೋಣ. ಸರಿನಾ?"

"ಆಗ್ಲೇ ಓಗಿರೋ ಎರಡು ಮಾಲು ಸಾರ್?"

"ಮೇಡಂ, ಗಿರಾಕಿಯೋರೇ ಕೊಟ್ಟ ಟೆಸ್ಟು. ಅದ್ರಲ್ಲಿ ನಾವ್ ಪಾಸ್. ಕಾಗದದ ಮೇಲೆ ನಮ್ದೇನೂ ತಪ್ಪಿಲ್ಲ. ಒದ್ದೆ ಬೆರಳಿಡಿ ಅಂತ ಎಲ್ಲಿ ಬರೆದಿದೆ ಹೇಳಿ?"

"ಎಲ್ಲೂ ಬರ್ದಿಲ್ಲ ಸಾರ್. ಟೆಸ್ಟು ಪಾಸಾಗೈತೆ. ಪದರ ನಿಲ್ತಿಲ್ಲ."

ಯಜಮಾನರು ಎದ್ದು ಕಿಟಕಿಯ ಹತ್ತಿರ ಹೋದರು. "ಇನ್ನೂರು ಮನೆ ನಡೀತಿದೆ ಕಣ್ರೀ ಇಲ್ಲಿ. ಈ ಗಿರಾಕಿ ಹೋದ್ರೆ ಅರ್ಧ ಕೆಲಸ ಹೋಯ್ತು. ಆ ಇನ್ನೂರು ಮನೆಯೋರ ಹೆಸರೆಲ್ಲ ನಿಮಗೂ ಗೊತ್ತು, ನನಗೂ ಗೊತ್ತು."

ಮೇಡಂ ಟ್ರೇಯನ್ನು ಅವರ ಕಡೆ ಸರಿಸಿದರು. ಆಮೇಲೆ, "ಮಿಷಿನ್ ಓಡೋವಾಗ ಇದು ಎದ್ರೆ ಇಂದ್ಗಡೆ ಇರೋ ಬ್ಲೇಡಿಗೆ ಬಡೀತದೆ. ಬರೀ ಲೋಹ ಬೆಂಕಿಗೆ ಬೀಳ್ತದೆ. ಅದ್ರ ಪಕ್ಕ ಕೆಲ್ಸ ಮಾಡೋರೂ ಅವ್ರೆ ಸಾರ್. ಅವ್ರ ಎಸ್ರು ನಮಗ್ ಗೊತ್ತಿಲ್ಲ, ಅಷ್ಟೇಯ" ಎಂದರು.

ಮೇಡಂ ಕೋಟಿನ ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು. "ಕಾಗ್ದ ಬರ್ದಿವ್ನಿ. ಪಾಸ್ ಮಾಡ್ದೋಳು ನಾನು, ಸೈನು ನಂದೇ ಆಕಿವ್ನಿ. ನೀವ್ ಕಳಿಸ್ಬೇಕು."

ಅದು ಕನ್ನಡದಲ್ಲಿತ್ತು. ಇಂಗ್ಲಿಷಿಗೆ ಮಾಡುವ ಕೆಲಸ ನನಗೆ ಬಂತು. 'ಪದರ ಬಿಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು' ಎಂಬ ಅರ್ಥ ಬರುವಂತೆ ನಯವಾಗಿ ಬರೆದು ಓದಿ ಹೇಳಿದೆ. "ಸಾಧ್ಯತೆ ಯಾಕಪ್ಪ? ನಾವಿಬ್ರೂ ಕಣ್ಣಾರೆ ನೋಡಿದೀವಿ" ಎಂದರು. ಮತ್ತೆ ಬರೆದೆ. ಒಂದು ದಿನ ಇಟ್ಟುಕೊಂಡು ಯಜಮಾನರು ಅದನ್ನು ಕಳಿಸಿದರು. ಮೇಡಂ ಸಹಿಯ ಕೆಳಗೆ ತಮ್ಮದನ್ನೂ ಹಾಕಿದ್ದರು.

ಗಿರಾಕಿ ಎರಡೂ ಮಾಲನ್ನು ವಾಪಸು ಕಳಿಸಿದರು. ಒಂದನ್ನು ಟರ್ಬೈನಿಗೆ ಜೋಡಿಸಲು ಶುರುಮಾಡಿದ್ದರಂತೆ, ಬಿಚ್ಚಿದರು. ಹೊಸ ಕೆಲಸ ನಿಲ್ಲಿಸಿದರು. ನಮ್ಮಲ್ಲಿ ಎರಡನೇ ಪಾಳಿ ಮುಚ್ಚಿತು. ಗುತ್ತಿಗೆಯ ಕೆಲವರು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು. ಕ್ಯಾಂಟೀನಿನಲ್ಲಿ ಮೇಡಂ ಕೂತ ಮೇಜಿಗೆ ಜನ ಬರುವುದು ನಿಂತಿತು. "ದೊಡ್ಡ ಹರಿಶ್ಚಂದ್ರನ ವಂಶ" ಎಂದು ಯಾರೋ ಅವರಿಗೆ ಕೇಳುವಂತೆಯೇ ಅಂದರು. ಅವರು ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಮುದ್ದೆ, ಸೊಪ್ಪಿನ ಸಾರು ಊಟ ಮಾಡತೊಡಗಿದರು. ಪಕ್ಕದಲ್ಲಿ ಜಯಮ್ಮ ಕೂರುತ್ತಿದ್ದರು. ಕೆಲವು ದಿನಗಳ ನಂತರ ನಾನೂ ಹೋಗಿ ಕೂತೆ.

ಒಂದು ದಿನ ಕೇಳಿದೆ, "ಬೇಜಾರಾಗಲ್ವಾ ಮೇಡಂ?"

"ಆಯ್ತದೆ ಕಣಪ್ಪ. ಯಾಕಾಗಲ್ಲ? ಕೆಲ್ಸ ಕಳ್ಕೊಂಡೋರು ಸುಳ್ಳಾಡ್ತಿಲ್ವಲ್ಲ" ಎಂದು ಬುತ್ತಿ ಮುಚ್ಚಿದರು. ಆ ತಿಂಗಳುಗಳಲ್ಲಿ ಅವರು ಎಷ್ಟು ಇಳಿದುಹೋಗಿದ್ದರೆಂದರೆ ನೀಲಿ ಕೋಟು ಭುಜದಿಂದ ಜಾರುತ್ತಿತ್ತು.

ಎಂಟು ತಿಂಗಳ ನಂತರ ಗಿರಾಕಿಯ ಕಡೆಯಿಂದ ಒಬ್ಬ ಇಂಜಿನಿಯರು ಬಂದ. ಮೇಡಂ ಅವನಿಗೂ ತೋರಿಸಿದರು: ಬಿಲ್ಲೆ, ಲೋಟ, ಒದ್ದೆ ಬೆರಳು. ಅವನು ಒಂದು ಸಲ ನೋಡಿ, ತಾನೇ ಮಾಡುತ್ತೇನೆಂದು ಏಳು ಬಿಲ್ಲೆಗಳ ಪದರ ಎಬ್ಬಿಸಿದ. ಆಮೇಲೆ, ಇದು ಜಗತ್ತಿಗೆ ಹೊಸತಲ್ಲ, ಹೊರದೇಶದ ಲ್ಯಾಬುಗಳಲ್ಲಿ ಶುಕ್ರವಾರ ಮೇಜಿನ ಮೇಲಿಟ್ಟು ಹೋದ ಚೂರು ಸೋಮವಾರದ ಹೊತ್ತಿಗೆ ಪದರ ಬಿಟ್ಟಿರುವುದನ್ನು ಕಂಡವರಿದ್ದಾರೆ, ಅದರ ಮೇಲೆ ಪ್ರಬಂಧಗಳೂ ಇವೆ ಎಂದ. ನನಗೆ ನಿರಾಸೆಯಾಯಿತು. ನಮ್ಮ ಮೇಡಂ ಕಂಡುಹಿಡಿದದ್ದು ಎಂದು ಒಳಗೊಳಗೆ ಬೀಗುತ್ತಿದ್ದೆ.

ಅವರ ಮುಖ ಅರಳಿತು. "ಬೇರೆಯೋರೂ ನೋಡವ್ರಾ? ಇದೇ ತರ ಎದ್ದಿತ್ತಾ?" ಎಂದು ಕುರ್ಚಿ ಎಳೆದುಕೊಂಡು ಅವನ ಎದುರು ಕೂತರು. ತೇವ ಒಳಗೆ ನುಸುಳಿ ಲೋಹಕ್ಕೂ ತುಕ್ಕಿನ ತೆರೆಗೂ ಇರುವ ಹಿಡಿತವನ್ನು ಹೇಗೆ ಬಿಡಿಸುತ್ತದೆ ಎಂದು ಒಂದು ಗಂಟೆ ಕೇಳಿದರು. ಅರ್ಥವಾಗದ ಕಡೆ ನಿಲ್ಲಿಸಿ ಮತ್ತೆ ಹೇಳಿಸಿದರು. ಮಗನ ವಯಸ್ಸಿನವನ ಮುಂದೆ ಶಾಲೆಯ ಹುಡುಗಿಯ ಹಾಗೆ ಬರೆದುಕೊಂಡರು. ಸತ್ಯ ಅವರ ಮಟ್ಟಿಗೆ ಯಾರಿಗೆ ಮೊದಲು ಸಿಕ್ಕಿತು ಎಂಬುದು ಲೆಕ್ಕಕ್ಕೇ ಬರದ ಸಂಗತಿಯಾಗಿತ್ತು. ಇಂಥ ಮನಸ್ಸನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಕೆಲಸ ಮೆಲ್ಲಗೆ ವಾಪಸು ಬಂತು. ಕೊನೆಯ ಸಲ ಆರಿಸಿದ ಬಿಲ್ಲೆಗಳು ಒದ್ದೆ ಬಟ್ಟೆ ಹಾಸಿದ ಟ್ರೇಯ ಪಕ್ಕದಲ್ಲಿ ಮೂರು ದಿನ ತೆರೆದ ಗಾಳಿಯಲ್ಲಿ ಕೂರಬೇಕು, ಆಮೇಲೆಯೇ ಸಹಿ ಎಂಬ ನಿಯಮವನ್ನು ಗಿರಾಕಿಯೇ ತಮ್ಮ ಪರೀಕ್ಷೆಗಳ ಪಟ್ಟಿಯಲ್ಲಿ ಸೇರಿಸಿದರು. ಬೈದವರಲ್ಲಿ ಕೆಲವರು ಅವರ ಮೇಜಿಗೆ ಮರಳಿದರು, ಕೆಲವರು ಮರಳಲಿಲ್ಲ. ಅವರು ಯಾರಿಗೂ ನೆನಪಿಸಲಿಲ್ಲ.

ಅವರ ಕೊನೆಯ ದಿನ ಒಂದು ಶುಕ್ರವಾರ. ಶಾಲು, ಹಣ್ಣಿನ ಬುಟ್ಟಿ, ಯಜಮಾನರ ಗದ್ಗದ ಭಾಷಣ ಎಲ್ಲ ಆಯಿತು. ಮಾತಾಡಿ ಎಂದು ಮೈಕು ಕೊಟ್ಟಾಗ, "ಎಲ್ರೂ ಊಟ ಮಾಡ್ಕೊಂಡ್ ಓಗಿ" ಎಂದು ಮೈಕು ವಾಪಸು ಕೊಟ್ಟರು. ಮುಗಿಸಿ ಹೊರಡುವ ಮುಂಚೆ ಲ್ಯಾಬಿಗೆ ಹೋಗಿ ಹೊಸ ಮಾಲಿನ ಮೂರು ಬಿಲ್ಲೆಗಳನ್ನು ಟ್ರೇಯ ಪಕ್ಕ ಇಟ್ಟು, ಮೇಲೆ ಚೀಟಿ ಬರೆದು, ಕೈ ತೊಳೆದುಕೊಂಡು ಹೋದರು. ಲ್ಯಾಬಿನ ಹೊಣೆ ನನ್ನದಾಗಿತ್ತು.

ಸೋಮವಾರ ನಾನು ಸೂಕ್ಷ್ಮದರ್ಶಕದ ಮುಂದೆ ಕೂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಹಸಿರು ಸೀರೆ, ಕೈಯಲ್ಲೊಂದು ಬಟ್ಟೆ ಚೀಲ. ನೀಲಿ ಕೋಟಿಲ್ಲದೆ ಅವರನ್ನು ಆ ಕೋಣೆಯಲ್ಲಿ ನಾನು ನೋಡಿಯೇ ಇರಲಿಲ್ಲ.

"ಇಟ್ಟೋಗಿದ್ನಲ್ಲ, ತೆಗ್ಯೋದ ನೋಡಣ ಅಂತ ಬಂದೆ" ಎಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತರು. ನನ್ನ ಕುರ್ಚಿಯ ಹತ್ತಿರ ಬರಲಿಲ್ಲ.

ಮೊದಲ ಬಿಲ್ಲೆ ಗಟ್ಟಿ. ಮೂರನೆಯದೂ ಗಟ್ಟಿ. ಎರಡನೆಯದರ ಅಂಚಿನಲ್ಲಿ ಏನೋ ಇತ್ತು. ಬರಿಗಣ್ಣಿಗೆ ಏನೂ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಬಿಳಿಗೂ ಲೋಹಕ್ಕೂ ನಡುವೆ ಬಿಡುವಿನಂಥ ಕೂದಲೆಳೆಯ ನೆರಳು. ಬೆಳಕು ತಿರುಗಿಸಿದರೆ ಕಾಣುತ್ತಿತ್ತು, ಇನ್ನೊಂದು ಕಡೆ ತಿರುಗಿಸಿದರೆ ಇರಲಿಲ್ಲ. ಹೊರಗೆ ಪೆಟ್ಟಿಗೆಗಳು ಕಟ್ಟಿ ತಯಾರಾಗಿದ್ದವು. ಲಾರಿಯವನು ಎರಡು ಸಲ ಬಂದು ಇಣುಕಿ ಹೋಗಿದ್ದ. ನಾನು ಸಹಿ ಹಾಕಬೇಕಾದ ಮೊದಲ ಮಾಲು ಅದು.

"ಮೇಡಂ, ಒಂದ್ಸಲ ನೀವು ನೋಡ್ತೀರಾ?"

"ನಾನ್ಯಾಕೆ ನೋಡ್ಲಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬಿಂಕವೂ ಇರಲಿಲ್ಲ.

ಮತ್ತೆ ಕಣ್ಣಿಟ್ಟೆ. ಬೆಳಕನ್ನು ತಿರುಗಿಸಿದೆ, ಬಿಲ್ಲೆಯನ್ನು ತಿರುಗಿಸಿದೆ, ಬೇರೆ ಮಸೂರ ಹಾಕಿದೆ. ಕಂಡಾಗಲೆಲ್ಲ ನೆರಳು ಅದೇ ಜಾಗದಲ್ಲಿತ್ತು. ಅವರು ಕಿಟಕಿಯಾಚೆ ನೋಡುತ್ತಾ, ಬಸ್ಸಿಗೆ ಕಾಯುವವರ ಹಾಗೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅರ್ಧ ಗಂಟೆ ಕಳೆದಿರಬೇಕು. ನಾನು ಪುಸ್ತಕ ಎಳೆದುಕೊಂಡು ಬರೆದೆ: ಎರಡನೇ ಬಿಲ್ಲೆಯ ಅಂಚಿನಲ್ಲಿ ಪದರ ಎದ್ದಿದೆ. ಕೆಳಗೆ ಸಹಿ ಹಾಕಿದೆ.

ಪೆನ್ನಿಟ್ಟ ಸದ್ದಿಗೆ ಅವರು ಎದ್ದರು. ಏನು ಬರೆದೆ ಎಂದು ಕೇಳಲಿಲ್ಲ, ಪುಸ್ತಕದ ಕಡೆ ಬಗ್ಗಿ ನೋಡಲಿಲ್ಲ. "ಬಸ್ಸೈತೆ ಅನ್ನೊಂದೂವರೆಗೆ. ಬತ್ತೀನಿ ಕಣಪ್ಪ" ಎಂದು ಸೆರಗು ಸರಿಮಾಡಿಕೊಂಡು ಹೊರಟರು. ಅಂಗಳದಲ್ಲಿ ಪೆಟ್ಟಿಗೆಗಳ ಸಾಲನ್ನು ಬಳಸಿಕೊಂಡು, ಜಯಮ್ಮನಿಗೆ ಕೈಬೀಸಿ, ಗೇಟು ದಾಟಿದರು.

ನಾನು ಫೋನ್ ಎತ್ತಿ ಯಜಮಾನರಿಗೆ, "ಸಾರ್, ಲಾರಿ ನಿಲ್ಲಿಸ್ಬೇಕು" ಎಂದೆ.